ದುದ್ದದಲ್ಲಿ ಸೈಟ್ ಕೊಳ್ಳುವ ಮುನ್ನ: ಇಸಿ ಹೇಳದ ಕತೆ

"ಪೇಪರ್ ಎಲ್ಲಾ ಕ್ಲಿಯರ್ ಕಣಣ್ಣಾ, ಇಸಿ ನೋಡ್ಕಳಿ ಬೇಕಾದ್ರೆ" ಅಂದ್ರು ಬ್ರೋಕರ್. ದುದ್ದದ ಹತ್ರ 30×40 ಸೈಟ್. ಮನೆ ಕಟ್ಟಿ ಬಾಡಿಗೆಗೆ ಬಿಡೋ ಲೆಕ್ಕಾಚಾರ ನನ್ನದು. ಅಡ್ವಾನ್ಸ್ ಕೊಡೋ ಮುಂಚೆ ಹಳೆಯ ಪಹಣಿ, ಮ್ಯುಟೇಶನ್ ತೆಗೆಸಿದೆ. ಅದು ಸರ್ಕಾರ ಒಂದು ದಲಿತ ಕುಟುಂಬಕ್ಕೆ ಮಂಜೂರು ಮಾಡಿದ್ದ ಜಮೀನು. ಮುಂದೆ ಅದು ಕೈ ಬದಲಾಗುವಾಗ ಸರ್ಕಾರದ ಅನುಮತಿಯನ್ನೇ ಪಡೆದಿರಲಿಲ್ಲ.

ಇಸಿಯಲ್ಲಿ ಇದು ಯಾಕೆ ಕಾಣಲಿಲ್ಲ? ಇಸಿ ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ, ಅದೂ ನಾವು ಕೇಳಿದ ಅವಧಿಯದ್ದು. ಮಂಜೂರಾತಿ ಇರೋದು ಕಂದಾಯ ಇಲಾಖೆಯ ಕಡತದಲ್ಲಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೂ ಅದು ಅಸಿಂಧು. ಮರಳಿ ಕೊಡಿಸಿ ಎಂದು ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿದೆ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಪಿಟಿಸಿಎಲ್ ಹಾಗೇ ಇದೆ. ಕೊಳ್ಳುವವರು ನೋಡಲೇಬೇಕಾದ್ದು:

ಮೂಲ: ಹಳೆಯ ಪಹಣಿ, ಮ್ಯುಟೇಶನ್, ಮಂಜೂರಾತಿ ಕಡತ. ಹೇಮಾವತಿ ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಜಮೀನು ಅಂದ್ರೆ ಮಂಜೂರಾತಿ ಆದೇಶವನ್ನು ಕಚೇರಿಯಲ್ಲೇ ತಾಳೆ ನೋಡಿ.

ಪರಿವರ್ತನೆ: 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಆದೇಶ ಬೇಕು. ಅಷ್ಟೇ ಸಾಲದು, ಬಡಾವಣೆ ನಕ್ಷೆಗೂ ಅನುಮೋದನೆ ಇರಬೇಕು. 500 ಚದರ ಮೀಟರ್ ಮೀರಿದ ಬಡಾವಣೆಗೆ ಸಾಮಾನ್ಯವಾಗಿ ರೇರಾ ನೋಂದಣಿಯೂ ಬೇಕು.

ಖಾತೆ: ಪಂಚಾಯ್ತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಕಂದಾಯ ಕಟ್ಟಿದ ರಸೀದಿ ಮಾಲೀಕತ್ವದ ದಾಖಲೆ ಅಲ್ಲ.

ಅಳತೆ: ಒಂದು ಗುಂಟೆಗೆ 1,089 ಚದರ ಅಡಿ, 30×40 ಅಂದ್ರೆ 1,200. ಹದ್ದುಬಸ್ತು ಮಾಡಿಸಿ, ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ಬಂಡಿದಾರಿ ಗುರುತು ನೋಡಿ. ಮಳೆ ಬಂದ ಮಾರನೇ ದಿನ ಹೋಗಿ ನಿಂತರೆ ನೀರು ಎಲ್ಲಿ ನಿಲ್ಲುತ್ತೆ ಗೊತ್ತಾಗುತ್ತೆ.

ಬಾಡಿಗೆ: 11 ತಿಂಗಳ ಕರಾರು ಮಾಡೋದು ಯಾಕಂದ್ರೆ, ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಡಿ ನೋಂದಾಯಿಸಬೇಕು. ಅಡ್ವಾನ್ಸ್ ಎಷ್ಟು, ಯಾವಾಗ ವಾಪಸ್, ರಿಪೇರಿ ಯಾರದ್ದು ಅನ್ನೋದು ಬರಹದಲ್ಲಿರಲಿ. ಜಾತಿ ಕೇಳಿ ಮನೆ ಕೊಡುವ ಚಾಳಿಯನ್ನು ನಾವಾದರೂ ಬಿಡೋಣ.

ಬ್ರೋಕರ್ ಆಮೇಲೂ ಫೋನ್ ಮಾಡಿದ್ರು, ರೇಟ್ ಇಳಿಸ್ತೀವಿ ಅಂತ. ನನಗೆ ತಪ್ಪಿದ್ದು ಒಂದು ಸೈಟು. ಆ ಕುಟುಂಬಕ್ಕೆ ತಪ್ಪಿದ್ದು ಇದ್ದ ಜಮೀನು. ನಿಮ್ಮೂರಲ್ಲೂ ಇಂಥವರಿದ್ದರೆ ಹೇಳಿ: ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ.