ಹಳಿ ಪಕ್ಕದ ತಂತಿ

ಮೈಸೂರಿಂದ ಬೆಂಗಳೂರಿಗೆ ರೈಲಲ್ಲಿ ಹೋಗುವಾಗ ಹಳಿ ಪಕ್ಕದ ನೆಲ ನೋಡಿದ್ದೀರಾ? ಈ ದಾರಿಗೆ ರೈಲು ಬಂದದ್ದು 1882ರಲ್ಲಿ. ಮೂರು ವರ್ಷಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ ಟೆಲಿಗ್ರಾಫ್ ಕಾಯ್ದೆ ಬಂತು. ಅದರ 10ನೇ ಸೆಕ್ಷನ್ ಜಾಣತನದ್ದು: ಬೇರೆಯವರ ಜಾಗದಲ್ಲಿ ಸರ್ಕಾರ ತಂತಿ ಎಳೆಯಬಹುದು, ಜಾಗ ಮಾತ್ರ ಸರ್ಕಾರದ್ದಾಗಲ್ಲ, ಹಾನಿಯಾದರೆ ಪರಿಹಾರ ಕೊಡಬೇಕು. ತಂತಿ ಹೋಗಿ ಫೈಬರ್ ಬಂದಾಗಲೂ ಇದೇ ಹಳೇ ಕಾಯ್ದೆ!

ರಸ್ತೆ ಅಗೆಯೋಕೆ ಪಾಲಿಕೆ, ಪಂಚಾಯ್ತಿ, ಹೆದ್ದಾರಿಯವರು ಅಂತ ಎಷ್ಟು ಬಾಗಿಲು... ಹಳಿಗುಂಟ ಯಜಮಾನ ಒಬ್ಬನೇ. 2000ದಲ್ಲಿ ರೈಲ್ವೆ ರೈಲ್‌ಟೆಲ್ ಕಟ್ಟಿ ಅಲ್ಲೇ ಫೈಬರ್ ಹಾಸಿಸಿತು. ಹಳಿ ದಾಟಬೇಕಾದ ಬೇರೆ ಕಂಪನಿಗಳು ಮಾತ್ರ ರೈಲ್ವೆಯ ಅನುಮತಿಗೆ ಕಾಯಬೇಕಿತ್ತು. 2016ರ ನಿಯಮಗಳು 60 ದಿನದ ಗಡುವು ಇಟ್ಟವು. ಉತ್ತರ ಬರದಿದ್ದರೆ ಒಪ್ಪಿದಂತೆಯೇ ಲೆಕ್ಕ. ನನಗಂತೂ ಇದೇ ದೊಡ್ಡ ಬದಲಾವಣೆ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಆಯ್ತು, ಅದರಡಿಯ ದಾರಿಹಕ್ಕಿನ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದವು.