ಅಜ್ಜಿ ಮನೆಯ ‘ಮೊಸಳೆ’ (ಹಳೇ ಮನೆ ಸರಣಿ, ಭಾಗ 4)

ಜಯನಗರದ ಅಜ್ಜಿ ಮನೆಯನ್ನ ಮುಂದಿನ ತಿಂಗಳು ಒಡೀತಾರೆ, ಅಪಾರ್ಟ್‌ಮೆಂಟ್ ಬರುತ್ತೆ. ಸಾಮಾನು ಹಂಚೋವಾಗ ಫ್ರಿಜ್ಜು, ಬೀರು ಎಲ್ಲಾ ಹೋಯ್ತು. ಮೊದಲನೇ ಫೋಟೋದಲ್ಲಿರೋ ಮರದ ದೇವರ ಮಂಟಪ ಮಾತ್ರ ಯಾರಿಗೂ ಬೇಡ. ಹಳೇ ಮರ ಕೊಳ್ಳೋರು ಬಂದು ಕೆಜಿ ಲೆಕ್ಕದಲ್ಲಿ ರೇಟ್ ಹೇಳಿದ್ರು. ಬಿಕಾಂ ಓದೋ ನಂಗೇ ಆ ಲೆಕ್ಕ ಹೊಟ್ಟೆ ಉರಿಸ್ತು.

ಎರಡನೇ ಫೋಟೋ ಜೂಮ್ ಮಾಡಿ. ಕಂಬಗಳ ಮೇಲೆ ಬಾಯಿ ತೆರೆದು ಕೂತಿರೋ ಎರಡು ಪ್ರಾಣಿ. ಅಜ್ಜಿ ಇದನ್ನ ‘ಮೊಸಳೆ’ ಅಂತಾರೆ. ಪೂರ್ತಿ ತಪ್ಪಲ್ಲ. ಇದು ಮಕರ, ಸಮುದ್ರದ ದೇವರು ವರುಣನ ವಾಹನ. ಹಿಂದಿಯಲ್ಲಿ ಮೊಸಳೆಗೆ ‘ಮಗರ್’ ಅನ್ನೋದು ಇದೇ ಪದದಿಂದ ಬಂದಿದ್ದು.

ಹಳೇಬೀಡಿಗೆ ಟ್ರಿಪ್ ಹೋದೋರಿಗೆ ನೆನಪಿರಬಹುದು. 1121ರ ಸುಮಾರಿಗೆ ಶುರುವಾದ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಪಟ್ಟಿಕೆಗಳಲ್ಲಿ ಹಂಸಗಳ ಸಾಲಿನ ಕೆಳಗೇ ಮಕರಗಳ ಸಾಲು. ಮೊಸಳೆ ಬಾಯಿ, ಆನೆ ಸೊಂಡಿಲು, ಹಂದಿ ಮೈ, ಸಿಂಹದ ಕಾಲು, ಕೋತಿ ಕಣ್ಣು, ಹಸುವಿನ ಕಿವಿ, ನವಿಲಿನ ಬಾಲ ಅಂತ ಗೈಡ್‌ಗಳು ಬೆರಳು ಮಡಚಿ ಹೇಳ್ತಾರೆ. ಸಮುದ್ರದ ಪ್ರಾಣಿ, ಆದ್ರೆ ಸಮುದ್ರದ್ದು ಅನ್ನೋ ಒಂದು ಅಂಗವೂ ಇಲ್ಲ! ಎರಡು ಸಾವಿರ ವರ್ಷದ ಹಿಂದಿನ ಭಾರ್ಹುತ್ ಸ್ತೂಪದ ಮಕರಕ್ಕೆ ಮೀನಿನ ಬಾಲ ಇತ್ತು. ಹೊಯ್ಸಳರ ಹೊತ್ತಿಗೆ ಆ ಬಾಲ ನವಿಲುಗರಿ ಥರ ಸುರುಳಿ ಸುರುಳಿಯಾಗಿ ಬಳ್ಳಿಯೇ ಆಗಿಹೋಗಿದೆ.

ನಮ್ಮ ಮಂಟಪ ಅಷ್ಟು ಹಳೇದಲ್ಲ. ತಾತ ಸಾಗರದಲ್ಲಿ ಕೆಲಸದಲ್ಲಿದ್ದಾಗ ಗುಡಿಗಾರರ ಹತ್ರ ಮಾಡಿಸಿದ್ದು. ಸಾಗರ, ಸೊರಬ, ಶಿರಸಿ, ಕುಮಟಾ, ಹೊನ್ನಾವರದ ಕಡೆ ತಲೆಮಾರುಗಳಿಂದ ಮರ ಕೆತ್ತೋ ಸಮುದಾಯ ಅವರದು. ಗೋವಾದಿಂದ ವಲಸೆ ಬಂದವರು ಅಂತ ಅವರಲ್ಲೇ ಕಥೆ ಇದೆ. ಹೆಸರು ಮಾಡಿದ್ದು ಶ್ರೀಗಂಧದ ಕೆತ್ತನೆಯಿಂದ. ಆದ್ರೆ ಗಂಧದ ಮರ ಎಲ್ಲಿ ಬೆಳೆದರೂ ಸರ್ಕಾರದ್ದೇ ಆಗಿತ್ತು, ಜಮೀನಿನವರಿಗೆ ಅದರ ಹಕ್ಕು ಸಿಕ್ಕಿದ್ದು 2001ರಲ್ಲಿ. ಗುಮಾಸ್ತ ತಾತನಿಗೆ ಗಂಧ ಎಲ್ಲಿಂದ ಎಟುಕಬೇಕು, ಸಾಗುವಾನಿಯಲ್ಲೇ ಆಯ್ತು.

ಊರಿನ ಹೆಸರೂ ಮಜಾ ಇದೆ. ಸಾಗರ ಇರೋದು ಘಟ್ಟದ ಮೇಲೆ, ಅಲ್ಲಿ ಸಮುದ್ರ ಇಲ್ಲ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ‘ಸದಾಶಿವ ಸಾಗರ’ ಅನ್ನೋ ಕೆರೆಯಿಂದ ಊರಿಗೆ ಆ ಹೆಸರು ಬಂತು.

ಈಗ ಮೂರನೇ ಫೋಟೋ. ಪುಸ್ತಕದ ಮಕರಗಳಲ್ಲಿ ಬಳ್ಳಿ ಇರೋ ಜಾಗ ನೋಡಿ. ನಮ್ಮ ಮಕರಕ್ಕೆ ಸೊಂಡಿಲಿಂದ ಹಿಡಿದು ಹಿಂದಿನವರೆಗೂ ಮೀನಿನ ಹುರುಪೆ! ಒಂದೊಂದೂ ಉಗುರಿನಷ್ಟು, ಒಂದರ ಮೇಲೊಂದು ಹೊದಿಸಿದ ಹಂಗೆ. ಬಾಲ ಎರಡಾಗಿ ಸೀಳಿ ಪಕ್ಕಾ ಮೀನು. ಹೊಯ್ಸಳರು ಬಿಟ್ಟಿದ್ದನ್ನ ಈ ಕೆತ್ತನೆಗಾರ ವಾಪಸ್ ತಂದಿದ್ದಾನೆ. ಮಂಟಪದ ಮೇಲೆ ಎಲ್ಲೂ ಅವನ ಹೆಸರಿಲ್ಲ, ಹಿಂಭಾಗದಲ್ಲೂ ಹುಡುಕಿದೆ. ಹೊನ್ನಾವರ, ಕುಮಟಾದ ಗುಡಿಗಾರರಿಗೆ ಮೀನು ಪೇಟೆ ಪಕ್ಕದಲ್ಲೇ. ಇವನೂ ಮೀನನ್ನ ಕೈಯಲ್ಲಿ ಹಿಡಿದು ನೋಡಿದ್ದಾನೆ ಅಂತ ನನ್ನ ನಂಬಿಕೆ.

ಅಪ್ಪನ ಹತ್ರ ಎರಡು ದಿನ ಜಗಳ ಆಡಿದ್ಮೇಲೆ ಮಂಟಪ ನಮ್ಮ ಬನಶಂಕರಿ ಬಾಡಿಗೆ ಮನೆಗೆ ಬಂತು. ಸೀಲಿಂಗ್ ಎತ್ತರ ಸಾಲದೆ ಮೇಲಿನ ಕಳಶ ಬಿಚ್ಚಿ ಅಟ್ಟದ ಮೇಲಿಟ್ಟಿದ್ದೀವಿ. ಗೂಡ್ಸ್ ಆಟೋದಲ್ಲಿ ತರೋವಾಗ ಎಡಗಡೆ ಮಕರದ ಸೊಂಡಿಲ ತುದಿ ಮುರೀತು. ಚೂರನ್ನ ಅಜ್ಜಿ ಕುಂಕುಮದ ಡಬ್ಬಿಯಲ್ಲಿ ಇಟ್ಕೊಂಡಿದ್ದಾರೆ, ಅಂಟಿಸೋಕೆ ಒಳ್ಳೇ ಮರಗೆಲಸದವರು ಗೊತ್ತಿದ್ರೆ ಮೆಸೇಜ್ ಮಾಡಿ.