ಮೊಣಕಾಲಿನ ಚಿತ್ರವೂ ಚಿಕಿತ್ಸೆಯ ನಿರ್ಧಾರವೂ



ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಮೊಣಕಾಲಿಗೆ ಬಿಡುವಿಲ್ಲ. ಅಡಿಕೆ ಮರವೇರಿ ಮದ್ದು ಬಿಡುವವರಿಗೂ ಕಬಡ್ಡಿ ಆಡುವ ನಿಮ್ಮ ಗೆಳೆಯರಿಗೂ ಅದು ತಿರುಚಿಕೊಂಡರೆ ಕೆಲಸ, ಆಟ ಎರಡೂ ನಿಲ್ಲುತ್ತವೆ. ಸುಳ್ಯದಲ್ಲೇ ವೈದ್ಯಕೀಯ ಕಾಲೇಜಿದೆ, ಮಂಗಳೂರೂ ದೂರವಿಲ್ಲ. ಸ್ಕ್ಯಾನ್ ಮಾಡಿಸುವುದು ಮೊದಲಿನಷ್ಟು ಕಷ್ಟವಲ್ಲ. ಆದರೆ ವರದಿಯಲ್ಲಿ ‘ಹರಿದಿದೆ’ ಎಂದು ಕಂಡೊಡನೆ ಶಸ್ತ್ರಚಿಕಿತ್ಸೆ ಆಗಲೇಬೇಕೇ? ಈ ಪ್ರಶ್ನೆಗೆ ಒಂದು ಇತಿಹಾಸವಿದೆ.

ಮೊಣಕಾಲಿನ ಎಲುಬುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಇವೇ ಮೆನಿಸ್ಕಸ್‌ಗಳು. ಇವುಗಳಿಂದ ಹೆಚ್ಚು ಪ್ರಯೋಜನವಿಲ್ಲವೆಂದು ಭಾವಿಸಿ, ಹರಿದರೆ ಇಡಿಯಾಗಿ ತೆಗೆದುಹಾಕುವ ರೂಢಿ ಬಹುಕಾಲ ಇತ್ತು. 1948ರಲ್ಲಿ ಬ್ರಿಟನ್ನಿನ ಟಿ. ಜೆ. ಫೇರ್‌ಬ್ಯಾಂಕ್ ಹೀಗೆ ಮೆತ್ತೆ ಕಳೆದುಕೊಂಡ ಮೊಣಕಾಲುಗಳಲ್ಲಿ ಆಗುವ ಬದಲಾವಣೆಗಳನ್ನು ಎಕ್ಸ್-ರೇ ಚಿತ್ರಗಳಲ್ಲಿ ಗುರುತಿಸಿದರು. ಭಾರ ಹಂಚುವ ಮೆತ್ತೆ ಹೋದರೆ ಕೀಲು ಬೇಗ ಸವೆಯುತ್ತದೆ ಎಂಬ ಅರಿವು ಕ್ರಮೇಣ ಬೆಳೆಯಿತು.

ಜಪಾನಿನ ಕೆಂಜಿ ತಕಾಗಿ 1918ರಲ್ಲಿ ಶವದ ಮೊಣಕಾಲಿನೊಳಗೆ ದರ್ಶಕ ನಳಿಕೆ ತೂರಿಸಿ ನೋಡಿದ್ದರು. ಅವರ ಪರಂಪರೆಯ ಮಸಾಕಿ ವಟನಾಬೆ 1962ರಲ್ಲಿ ಇಂಥ ನಳಿಕೆಯ ನೆರವಿನಿಂದಲೇ ಮೆನಿಸ್ಕಸ್‌ನ ಹರಿದ ಭಾಗವನ್ನಷ್ಟೇ ತೆಗೆದರು. ಮುಂದೆ ಎಂ.ಆರ್.ಐ. ಬಂತು, ಚರ್ಮ ಕೊಯ್ಯದೆ ಮೆತ್ತೆಯನ್ನೂ ಕಾಣುವಂತಾಯಿತು. ಶಸ್ತ್ರಚಿಕಿತ್ಸೆ ಸುಲಭವಾಯಿತು, ಆದ್ದರಿಂದ ಹೆಚ್ಚಿತು.

ಆಗ ಎಚ್ಚರಿಸುವ ಅಧ್ಯಯನಗಳು ಬಂದವು. 2008ರಲ್ಲಿ ಪ್ರಕಟವಾದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 50ರಿಂದ 90 ವರ್ಷದ 991 ಜನರ ಮೊಣಕಾಲುಗಳನ್ನು ಪರೀಕ್ಷಿಸಲಾಯಿತು. ಮೆತ್ತೆ ಹರಿದಿದ್ದವರಲ್ಲಿ ಶೇಕಡಾ 61 ಮಂದಿಗೆ ಹಿಂದಿನ ತಿಂಗಳಲ್ಲಿ ನೋವೂ ಇರಲಿಲ್ಲ, ಬಿಗಿತವೂ ಇರಲಿಲ್ಲ. 2013ರಲ್ಲಿ ಫಿನ್ಲೆಂಡಿನ ವೈದ್ಯರು, ವಯೋಸಹಜ ಸವೆತದಿಂದ ಮೆತ್ತೆ ಹರಿದ 146 ಜನರಲ್ಲಿ ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆ, ಉಳಿದವರಿಗೆ ಅದರ ಅಣಕು ಮಾತ್ರ ಮಾಡಿದರು. ಒಂದು ವರ್ಷದ ನಂತರ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಶಸ್ತ್ರಚಿಕಿತ್ಸೆ ಬೇಡವೇ ಬೇಡ ಎನ್ನಬೇಡಿ. ಹರಿದ ಮೆತ್ತೆ ಸಿಕ್ಕಿಕೊಂಡು ಮೊಣಕಾಲು ಚಾಚಲಾಗದಿದ್ದರೆ ಶಸ್ತ್ರವೈದ್ಯರನ್ನು ಬೇಗ ಕಾಣಬೇಕು. 2010ರ ಸ್ವೀಡನ್ ಅಧ್ಯಯನ ಆಟದಲ್ಲಿ ಅಸ್ಥಿರಜ್ಜು ಹರಿದ 121 ಯುವಜನರದು. ಅವರಲ್ಲಿ ವ್ಯಾಯಾಮದಿಂದ ಚಿಕಿತ್ಸೆ ಆರಂಭಿಸಿದವರು 59 ಮಂದಿ. ಎರಡು ವರ್ಷದೊಳಗೆ 23 ಮಂದಿಗೆ ಅಸ್ಥಿರಜ್ಜಿನ ಶಸ್ತ್ರಚಿಕಿತ್ಸೆ ಬೇಕಾಯಿತು, ಉಳಿದವರಿಗೆ ಅದು ಬೇಕಾಗಲಿಲ್ಲ.

ಆದ್ದರಿಂದ ಮನೆಯವರ ಕೈಗೆ ವರದಿ ಬಂದಾಗ ವೈದ್ಯರಲ್ಲಿ ಇವನ್ನು ಕೇಳಿ: ನೋವು ಈ ಹರಿತದಿಂದಲೇ ಬಂದುದೇ? ಮೊಣಕಾಲು ಸಿಕ್ಕಿಕೊಳ್ಳುತ್ತದೆಯೇ, ಕುಸಿಯುತ್ತದೆಯೇ? ಕೆಲವು ತಿಂಗಳು ಕ್ರಮಬದ್ಧ ವ್ಯಾಯಾಮ ಮಾಡಿ ನೋಡಬಹುದೇ? ಬೇಡದ ಶಸ್ತ್ರಚಿಕಿತ್ಸೆಯಿಂದ ದುಡಿಯುವವರ ಕೂಲಿಯೂ ಹೋಗುತ್ತದೆ, ಮೆತ್ತೆಯೂ ಹೋಗುತ್ತದೆ. ಬೇಕಾದುದನ್ನು ಮುಂದೂಡಿದರೆ ಕೀಲೇ ಕೆಡಬಹುದು. ಚಿತ್ರದ ಜೊತೆಗೆ ರೋಗಿಯನ್ನೂ ನೋಡಿ ನಿರ್ಧರಿಸಬೇಕು ಎಂಬುದೇ ಈ ಇತಿಹಾಸದ ಪಾಠ.